ಕೆಂಟಕಿಯ ಸಣ್ಣ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡಬಹುದೇ?

ಕರಿಮಣ್ಣು_ಅಣ್ಣಿಗೇರಿ

ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ. ಅಮೆರಿಕದ ಕೆಂಟಕಿ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪರಿಸರ ಅಧ್ಯಯನದ ಎಂ.ಎಸ್.ಗೆ ಸೀಟು ಸಿಕ್ಕಿದೆ. ಅಲ್ಲಿನ ಪಾಪಾ ಹಣ್ಣಿನ ಸಂಶೋಧನೆಯಲ್ಲಿ ಸಹಾಯಕಿಯಾಗಿ ತೆಗೆದುಕೊಳ್ಳುವ ಮಾತೂ ಆಗಿದೆ. ಹುಬ್ಬಳ್ಳಿಯ ಕನ್ಸಲ್ಟೆನ್ಸಿಯೊಂದರಲ್ಲಿ ವಿಚಾರಿಸಿದರೆ, "ಅದು ಕಪ್ಪು ಜನರ ಕಾಲೇಜು, ರ‍್ಯಾಂಕಿಂಗ್‌ನಲ್ಲಿ ಎಲ್ಲೂ ಇಲ್ಲ, ಬಿಟ್ಟುಬಿಡಿ" ಎಂದು ಮೂರು ಪಟ್ಟು ಶುಲ್ಕದ ಬೇರೆ ಹೆಸರುಗಳನ್ನು ಬರೆದುಕೊಟ್ಟರು. ಅಪ್ಪ ಜೊತೆಯಲ್ಲೇ ಇದ್ದರು. ಅಂದಿನಿಂದ ಅವರಿಗೆ ದಿಗಿಲು ಹತ್ತಿಕೊಂಡಿದೆ. ನಮ್ಮದು ಕಡಲೆ, ಹತ್ತಿ ಬೆಳೆಯುವ ಮನೆತನ. ದುಡ್ಡು ಕಳೆದುಕೊಂಡು ಮತ್ತೆ ಎದ್ದು ನಿಲ್ಲುವ ಶಕ್ತಿ ಇಲ್ಲ. ಅಲ್ಲಿ ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬೆಟಗೇರಿ_ಅಕ್ಕ

ತಂಗಿ, ನಾನು ಓದಿದ್ದು ಅಲ್ಲೇ. ಅದೇ ಹಣ್ಣಿನ ಮೇಲೆ ಕೆಲಸ ಮಾಡಿದ್ದೇನೆ.

ಮೊದಲು ಆ "ಕಪ್ಪು ಜನರ ಕಾಲೇಜು" ಎಂಬ ಮಾತು. ಹೌದು, 1886ರಲ್ಲಿ ಅದು ಹುಟ್ಟಿದ್ದೇ ಕಪ್ಪು ಶಿಕ್ಷಕರನ್ನು ತಯಾರು ಮಾಡಲು. 1890ರ ಎರಡನೆಯ ಮೊರಿಲ್ ಕಾಯ್ದೆ ರಾಜ್ಯಗಳಿಗೆ ಎರಡೇ ದಾರಿ ಕೊಟ್ಟಿತು: ಕೃಷಿ ಕಾಲೇಜಿಗೆ ಕಪ್ಪು ಜನರನ್ನೂ ಸೇರಿಸಿಕೊಳ್ಳಿ, ಇಲ್ಲವೇ ಅವರಿಗೆ ಬೇರೆ ಕಾಲೇಜು ಕೊಡಿ. ಕೆಂಟಕಿ ಬೇರೆಯದನ್ನು ಕೊಟ್ಟಿತು, ಅದೇ ಇದು. 1904ರಲ್ಲಿ ಅಲ್ಲಿನ ಸರ್ಕಾರ ಕಪ್ಪು ಮತ್ತು ಬಿಳಿ ಮಕ್ಕಳು ಒಂದೇ ಸಂಸ್ಥೆಯಲ್ಲಿ ಓದುವುದನ್ನೇ ನಿಷೇಧಿಸಿತು, ಖಾಸಗಿ ಕಾಲೇಜುಗಳಲ್ಲಿಯೂ. ಅದೇ ರಾಜ್ಯದ ಲೆಕ್ಸಿಂಗ್ಟನ್ನಿನ ದೊಡ್ಡ ವಿಶ್ವವಿದ್ಯಾಲಯ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 1949ರಲ್ಲಿ, ಅದೂ ಲೈಮನ್ ಜಾನ್ಸನ್ ಎಂಬ ಶಿಕ್ಷಕರು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಮೇಲೆ ಬಂದವರನ್ನು ನಿನ್ನ ಅಪ್ಪ ಬಲ್ಲರು. ಹಾಗೆ ಎಷ್ಟೋ ಮನೆತನಗಳ ಮೊದಲ ಪದವೀಧರರು ಗುಡ್ಡದ ಮೇಲಿನ ಈ ಕಾಲೇಜಿನಿಂದ ಇಳಿದು ಬಂದವರು. ನಾಗರಿಕ ಹಕ್ಕುಗಳ ಹೋರಾಟದ ಮುಂಚೂಣಿಯಲ್ಲಿದ್ದ ವಿಟ್ನಿ ಯಂಗ್ 1941ರಲ್ಲಿ ಪದವಿ ಪಡೆದದ್ದು ಇಲ್ಲಿಯೇ. ಇವತ್ತು ಅಲ್ಲಿ ಎಲ್ಲ ಬಣ್ಣದವರೂ ಓದುತ್ತಾರೆ. ಇಂಥ ಚರಿತ್ರೆಯನ್ನು ಕಳಂಕದಂತೆ ಹೇಳಿದವರ ಮಾತು ಕೇಳಿ ನನಗೆ ನಿಜವಾಗಿಯೂ ಸಿಟ್ಟು ಬಂತು.

ಈಗ ಕೆಲಸದ ವಿಷಯ. ಪಾಪಾ ಎಂದರೆ ನಮ್ಮ ಪಪ್ಪಾಯಿ ಅಲ್ಲ, ಸೀತಾಫಲದ ಕುಟುಂಬದ ಮರ. ಅದರ ಮೇಲೆ ಪೂರ್ಣ ಪ್ರಮಾಣದ ಸಂಶೋಧನೆ ನಡೆಸುವ ಜಗತ್ತಿನ ಏಕೈಕ ವಿಶ್ವವಿದ್ಯಾಲಯ ಅದು. 1994ರಿಂದ ಅಮೆರಿಕದ ಕೃಷಿ ಇಲಾಖೆಯ ಪಾಪಾ ತಳಿ ಸಂಗ್ರಹವೂ ಅಲ್ಲಿಯೇ ಇದೆ. ವಸಂತದಲ್ಲಿ ಎಲೆ ಬಿಡುವ ಮೊದಲೇ ಕಡುಗೆಂಪು ಹೂಗಳು ತಲೆಕೆಳಗಾಗಿ ಜೋತು ಬೀಳುತ್ತವೆ. ಜೇನುಹುಳು ಅವುಗಳತ್ತ ಸುಳಿಯುವುದೇ ಇಲ್ಲ. ನೊಣ, ಜೀರುಂಡೆಗಳೇ ಗತಿ. ಹಾಗಾಗಿ ಒಂದು ತಳಿಯ ಪರಾಗವನ್ನು ಸಣ್ಣ ಕುಂಚದಲ್ಲಿ ತೆಗೆದು ಇನ್ನೊಂದು ತಳಿಯ ಹೂವಿಗೆ ಸವರುತ್ತಿದ್ದೆವು. ಆಗಸ್ಟ್ ಕೊನೆಗೆ ಹಣ್ಣು. ಮೇಲೆ ನುಣುಪಾದ ಹಸಿರು ಸಿಪ್ಪೆ, ಒಳಗೆ ಹಳದಿ ತಿರುಳು, ಎರಡು ಸಾಲು ಕಪ್ಪು ಬೀಜ. ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗಾಗುವುದನ್ನು ಮಾತ್ರ ಕೀಳಬೇಕು. ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಕೆಟ್ಟುಹೋಗುತ್ತದೆ, ಅಂಗಡಿಗಳಲ್ಲಿ ಕಾಣದಿರುವುದು ಅದಕ್ಕೇ. ಪ್ರತಿ ಹಣ್ಣನ್ನೂ ತೂಗಿ, ಬೀಜ ಎಣಿಸಿ, ಸಕ್ಕರೆಯ ಅಂಶ ಬರೆದುಕೊಳ್ಳುವಾಗ ಪ್ರಾಧ್ಯಾಪಕರೂ ಬುಟ್ಟಿ ಹಿಡಿದು ಪಕ್ಕದಲ್ಲೇ ಇರುತ್ತಿದ್ದರು. ನಾನು ಬರೆದ ಕರಡಿನ ಒಂದೊಂದು ವಾಕ್ಯವನ್ನೂ ಎದುರು ಕೂರಿಸಿಕೊಂಡು ತಿದ್ದಿದ್ದಾರೆ. ವಿದ್ಯಾರ್ಥಿಗಳು ಕಡಿಮೆ ಇರುವ ಕಡೆ ಸಿಗುವ ದೊಡ್ಡ ಲಾಭ ಇದು.

ಕೊರತೆಗಳೂ ಇವೆ. 2023ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ಮತ್ತು ಕೃಷಿ ಕಾರ್ಯದರ್ಶಿಗಳು ಕೆಂಟಕಿಯೂ ಸೇರಿ 16 ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದು, ಇಂಥ ಕಾಲೇಜುಗಳಿಗೆ 1987ರಿಂದ 2020ರವರೆಗೆ ಸಲ್ಲಬೇಕಿದ್ದ 1,200 ಕೋಟಿ ಡಾಲರಿಗೂ ಮಿಕ್ಕ ಹಣವನ್ನು ಕೊಟ್ಟಿಲ್ಲ ಎಂದು ಲೆಕ್ಕ ಮುಂದಿಟ್ಟರು. 2022ರಲ್ಲಿ ಈ ವಿಶ್ವವಿದ್ಯಾಲಯದ ಹಣಕಾಸು ಬಿಗಡಾಯಿಸಿ ಶಾಸನಸಭೆ 2.3 ಕೋಟಿ ಡಾಲರ್ ಒದಗಿಸಬೇಕಾಯಿತು. ಆದ್ದರಿಂದ ಬಾಯಿಮಾತು ನಂಬಬೇಡ. ಶುಲ್ಕ ಪೂರ್ತಿ ಮನ್ನಾ ಆಗುತ್ತದೆಯೇ, ಭತ್ಯೆ ಎಷ್ಟು, ಬೇಸಿಗೆಯ ತಿಂಗಳುಗಳಿಗೂ ಬರುತ್ತದೆಯೇ, ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ, ಎಲ್ಲವೂ ಕಾಗದದಲ್ಲಿ ಬರಲಿ. ಭತ್ಯೆ ಯಾವ ಯೋಜನೆಯಿಂದ, ಎಲ್ಲಿಯವರೆಗೆ ಎಂದೂ ಕೇಳು.

ಬ್ಯಾಂಕ್_ನೌಕರ_ಹಾವೇರಿ

ಸಾಲದ ಬಗ್ಗೆ ಒಂದು ಮಾತು. ಹೊಲವನ್ನು ಅಡವಿಟ್ಟು ಶಿಕ್ಷಣ ಸಾಲ ಸಿಗುತ್ತದೆ ಎಂದು ನಂಬಿಕೊಂಡಿರಬೇಡಿ. ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲವಾದ್ದರಿಂದ ಬಹಳಷ್ಟು ಬ್ಯಾಂಕುಗಳು ಮನೆ ಅಥವಾ ಎನ್.ಎ. (ಕೃಷಿಯೇತರ) ಆದ ನಿವೇಶನ ಕೇಳುತ್ತವೆ. ಭತ್ಯೆಯ ಪತ್ರ ಕೈಯಲ್ಲಿದ್ದರೆ ಸಾಲದ ಮೊತ್ತವೇ ಇಳಿಯುತ್ತದೆ, ಅದನ್ನು ಮೊದಲು ತರಿಸಿಕೊಳ್ಳಿ.

ಕರಿಮಣ್ಣು_ಅಣ್ಣಿಗೇರಿ

ಅಕ್ಕ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಸೀತಾಫಲದ ವಿಷಯ ಬಂದಾಗ ಟಿವಿ ಆರಿಸಿ ಕೇಳಿದರು. ಆದರೆ ಅವರಿಗೆ ಎರಡು ಸಂಶಯ: ಊರು ಹೇಗಿದೆ? ಆ ಪದವಿಗೆ ಬೆಲೆ ಇದೆಯೇ?

ಬೆಟಗೇರಿ_ಅಕ್ಕ

ವಿಶ್ವವಿದ್ಯಾಲಯ ಇರುವ ಫ್ರಾಂಕ್‌ಫರ್ಟ್ ಕೆಂಟಕಿ ರಾಜ್ಯದ ರಾಜಧಾನಿಯಾದರೂ ಜನಸಂಖ್ಯೆ ಸುಮಾರು 28 ಸಾವಿರ, ಅಣ್ಣಿಗೇರಿಯಂಥದೇ ಊರು. ಕಾರು ಇಲ್ಲದೆ ಓಡಾಟ ಕಷ್ಟ. ಬೇಳೆ, ಮಸಾಲೆಗೆ ಸುಮಾರು 40 ಕಿಲೋಮೀಟರ್ ದೂರದ ಲೆಕ್ಸಿಂಗ್ಟನ್ನಿಗೆ ಗೆಳತಿಯರ ಕಾರಿನಲ್ಲಿ ಹೋಗುತ್ತಿದ್ದೆ. ಮೊದಲ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಹಾಸ್ಟೆಲ್ ಖಾಲಿಯಾದಾಗ ಸಹಪಾಠಿಯೊಬ್ಬಳ ಅಜ್ಜಿ ನನ್ನನ್ನು ಮನೆಗೆ ಕರೆಸಿಕೊಂಡರು. ನಾನು ಮಾಂಸ ತಿನ್ನುವುದಿಲ್ಲ ಎಂದು ಗೊತ್ತಾಗಿ ಹಂದಿಮಾಂಸ ಹಾಕದೆ ಒಂದು ಪಾತ್ರೆ ಸೊಪ್ಪು ಬೇರೆಯಾಗಿ ಬೇಯಿಸಿಟ್ಟಿದ್ದರು. ಕಪ್ಪು ಜನರೆಂದು ಹೆದರುವವರಿಗೆ ನಾನು ಹೇಳುವುದು ಆ ಅಜ್ಜಿಯ ವಿಷಯವನ್ನೇ.

ಪದವಿಗೆ ಬೇಕಾದದ್ದು ಮಾನ್ಯತೆ, ಅದು ಇದೆ. ಭಾರತದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವುದಾದರೆ ಇದು ಇಲ್ಲಿನ ಪದವಿಗೆ ಸಮ ಎನ್ನುವ ಸಮಾನತಾ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಓದು ಮುಗಿದ ಮೇಲೆ ಒಂದು ವರ್ಷ ಅಲ್ಲಿ ಕೆಲಸ ಮಾಡಲು ಅವಕಾಶವಿದೆ. ಕೋರ್ಸು ವಿಜ್ಞಾನ ವಿಭಾಗದ ಪಟ್ಟಿಯಲ್ಲಿದ್ದರೆ ಇನ್ನೂ ಎರಡು ವರ್ಷ. ವೀಸಾಕ್ಕಾಗಿ ವಿಶ್ವವಿದ್ಯಾಲಯ ಕಳಿಸುವ ನಿನ್ನ ಐ-20 ಪತ್ರದಲ್ಲಿರುವ ಕೋರ್ಸಿನ ಸಂಕೇತ ಸಂಖ್ಯೆ ಆ ಪಟ್ಟಿಯಲ್ಲಿದೆಯೇ ಎಂದು ಈಗಲೇ ನೋಡಿಕೊ.

ಅಪ್ಪನವರಿಗೆ ಇನ್ನೂ ಕೇಳುವುದಿದ್ದರೆ ಭಾನುವಾರ ಇಬ್ಬರೂ ಗದಗಿಗೆ ಬನ್ನಿ. ನನ್ನ ಪ್ರಬಂಧ, ತೋಟದ ಫೋಟೊಗಳು, ನನಗೆ ಬಂದಿದ್ದ ಭತ್ಯೆಯ ಪತ್ರ ಎಲ್ಲವೂ ಇವೆ. ನಿನ್ನ ಪತ್ರವನ್ನೂ ತೆಗೆದುಕೊಂಡು ಬಾ, ಸಾಲು ಸಾಲಾಗಿ ಓದೋಣ.