ಬೆನೆಟೊ ಫಸ್ಟ್ 40.7: ಹಳೇ ದೋಣಿ ಕೊಂಡು ಸಾಗರ ದಾಟಬಹುದಾ?

ಪಡುಗಾಳಿ: ಬ್ರೂಸ್ ಫಾರ್ ವಿನ್ಯಾಸ. ಉದ್ದ 12 ಮೀಟರಿಗೆ ಒಂಚೂರು ಕಮ್ಮಿ, ತೂಕ ಸುಮಾರು 6.9 ಟನ್, ಹಾಯಿ ಸುಮಾರು 78 ಚದರ ಮೀಟರ್. ರೇಸಿಗೂ ಸೈ, ಸಂಸಾರ ಸಮೇತ ತಿರುಗೋಕೂ ಸೈ ಅಂತಾರೆ. ಅಟ್ಲಾಂಟಿಕ್ ದಾಟೋಕೆ ತಗೋಬಹುದಾ?

ತಂಡೇಲ: ರೇಸಿನ ವೇಗವೆಲ್ಲ ಖಾಲಿ ದೋಣಿಯ ಲೆಕ್ಕ. ಹಾಯಿ-ತೂಕದ ಅನುಪಾತ (ತೂಕಕ್ಕೆ ಹೋಲಿಸಿದರೆ ಹಾಯಿ ಎಷ್ಟು ಅನ್ನೋ ಅಂಕಿ, ಜಾಸ್ತಿ ಇದ್ದಷ್ಟೂ ಚುರುಕು) ಸುಮಾರು 22. ನೀರು, ಡೀಸೆಲ್, ಆಂಕರ್ ಸರಪಳಿ, ದಿನಸಿ ಅಂತ ಒಂದು ಟನ್ ಹೇರಿದರೆ 20ಕ್ಕೆ ಇಳಿಯುತ್ತೆ. ಆದರೂ ಚುರುಕೇ.

ಕೀಲ್‌ಬೋಲ್ಟ್: ವೇಗ ಆಮೇಲೆ. 2014ರ ಮೇನಲ್ಲಿ ಆಂಟಿಗುವಾದಿಂದ ಇಂಗ್ಲೆಂಡಿಗೆ ಮರಳುತ್ತಿದ್ದ ‘ಚೀಕಿ ರಫೀಕಿ’ ಇದೇ ಮಾದರಿ. ಕೀಲ್ (ದೋಣಿ ಮಗುಚದಂತೆ ತಳಕ್ಕೆ ಬೋಲ್ಟ್ ಹಾಕಿ ಕೂರಿಸೋ ಭಾರದ ರೆಕ್ಕೆ) ಕಳಚಿ ಮಗುಚಿತು, ನಾಲ್ವರೂ ಹೋದರು. ನನ್ನ ಮಟ್ಟಿಗೆ ಬೇಡವೇ ಬೇಡ.

ತಂಡೇಲ: ಆ ದೋಣಿ ಹಿಂದೆ ಹಲವು ಸಲ ತಳ ತಾಗಿಸಿಕೊಂಡಿತ್ತು. ಆ ಪೆಟ್ಟುಗಳೂ ಆಮೇಲಿನ ರಿಪೇರಿಗಳೂ ಸೇರಿ ಕೀಲ್ ಕೂತ ಜಾಗ ಸಡಿಲವಾಗಿದ್ದಿರಬಹುದು ಅಂತಲೇ ಬ್ರಿಟಿಷ್ ತನಿಖಾ ವರದಿ ಹೇಳಿದ್ದು. ಈ ಮಾದರಿಯ ಒಡಲೊಳಗೆ ಫೈಬರ್‌ಗ್ಲಾಸ್ ಗ್ರಿಡ್ಡನ್ನು (ಅಡ್ಡಉದ್ದ ಪಟ್ಟಿಗಳ ಚೌಕಟ್ಟನ್ನು) ಅಂಟು ಹಾಕಿ ಕೂರಿಸಿರ್ತಾರೆ, ಕೀಲಿನ ಭಾರ ಹಂಚೋದು ಅದೇ. ಕೀಲ್ ಬಂಡೆಗೆ ಗುದ್ದಿದರೆ ಅದರ ಹಿಂತುದಿ ಒಡಲನ್ನು ಮೇಲಕ್ಕೆ ಒತ್ತುತ್ತೆ, ಮುಂತುದಿ ಕೆಳಕ್ಕೆ ಜಗ್ಗುತ್ತೆ. ಅಂಟು ಬಿಡೋದು ಸಾಮಾನ್ಯವಾಗಿ ಆ ಎರಡು ಕಡೆಯೇ. ಹೊರಗಿಂದ ಗೀರು ಕೂಡ ಕಾಣದಿರಬಹುದು.

ಪಡುಗಾಳಿ: ಮತ್ತೆ ಕೊಳ್ಳೋನಿಗೆ ಗೊತ್ತಾಗೋದು ಹೇಗೆ?

ತಂಡೇಲ: ನೆಲದ ಹಲಗೆ ಎತ್ತಿ, ಬಿಲ್ಜ್ (ನೀರು ಸೇರೋ ಒಡಲಿನ ತಳಭಾಗ) ಒರೆಸಿ ಒಣಗಿಸಿ. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಗ್ರಿಡ್ಡಿನ ಅಂಚುಪಟ್ಟಿ ಉದ್ದಕ್ಕೂ ತಟ್ಟಿ. ಗಟ್ಟಿ ಸದ್ದು ಬಂದರೆ ಸರಿ, ಡಬ್ ಅಂತ ಪೊಳ್ಳು ಸದ್ದು ಬಂದ ಕಡೆ ಅನುಮಾನ. ಕ್ರೇನಿನಲ್ಲಿ ತೂಗುವಾಗ ಒಬ್ಬರು ಕೀಲಿನ ತುದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಲಿ, ಇನ್ನೊಬ್ಬರು ಒಳಗೆ ಟಾರ್ಚ್ ಬಿಟ್ಟು ಕೀಲ್ ಬೋಲ್ಟುಗಳ ವಾಷರ್ ಅಂಚು ನೋಡಲಿ. ಕೂದಲೆಳೆ ಬಿರುಕು ಬಾಯಿ ಬಿಟ್ಟು ಮುಚ್ಚಿದರೆ, ತುಕ್ಕಿನ ನೀರು ಜಿನುಗಿದರೆ, ವ್ಯಾಪಾರ ಅಲ್ಲೇ ನಿಲ್ಲಿಸಿ.

ಕೀಲ್‌ಬೋಲ್ಟ್: ಟ್ಯಾಂಕು, ಬರ್ತ್ (ಮಲಗೋ ಹಲಗೆ) ಕೆಳಗಿನ ಭಾಗಕ್ಕೆ ಸುತ್ತಿಗೆ ಹೋಗುತ್ತಾ? ಅಂಟು ಬಿಟ್ಟ ಕಡೆ ತೂತು ಕೊರೆದು ರೆಸಿನ್ ತುಂಬಿ ‘ರಿಪೇರಿ ಆಗಿದೆ’ ಅಂತಾರೆ. ಒಳಗೆ ನೀರು, ಎಣ್ಣೆ ಇಳಿದಿದ್ದರೆ ಅದು ಹಿಡಿಯೋದೇ ಇಲ್ಲ.

ತಂಡೇಲ: ಅದನ್ನ ಒಪ್ಪಿದೆ. ಕೀಲ್ ಇಳಿಸಿ, ಬಿಟ್ಟ ಭಾಗ ಕತ್ತರಿಸಿ ಉಜ್ಜಿ, ಪದರ ಪದರವಾಗಿ ಲ್ಯಾಮಿನೇಟ್ ಮಾಡಿದ್ದರೆ ಮಾತ್ರ ರಿಪೇರಿ. ಫೋಟೊ, ಬಿಲ್ಲು ಎರಡೂ ಕೇಳಿ.

ಅಲೆಮಾರಿ: ಕೀಲ್ ನೀರಿನಲ್ಲಿ 2.4 ಮೀಟರ್ ಆಳ ಇಳಿಯೋದು ಬಿಟ್ಟು 1.9ರದ್ದು ಹುಡುಕಿ. ಸಣ್ಣ ಬಂದರುಗಳಿಗೆ ನುಗ್ಗಬಹುದು.

ಕೀಲ್‌ಬೋಲ್ಟ್: ನುಗ್ಗಬಹುದು ಅಂತಲೇ ಅದನ್ನ ಆಳವಿಲ್ಲದ ನೀರಿಗೆ ಒಯ್ಯೋರು ಜಾಸ್ತಿ. ಗಾಳಿಗೆದುರು ಓಡುವಾಗ ಪಕ್ಕಕ್ಕೂ ಜಾರುತ್ತೆ.