ಮೀನಿಲ್ಲದ ಅಕ್ವೇರಿಯಂ: ಎಂಟೇ ದಿನಕ್ಕ ಗಾಜು ಹಸಿರಾಗ್ತದ, ಏನು ಮಾಡಬೇಕು?

ಪ್ರಶ್ನೆ (ಕಲಬುರಗಿ)
ನಮಸ್ಕಾರ್ರೀ. ಹಾಲ್‌ನಾಗ 50 ಲೀಟರಿನ ಗಾಜಿನ ತೊಟ್ಟಿ ಅದ. ಮೀನಿಲ್ಲ, ಪ್ಲಾಸ್ಟಿಕ್ ಗಿಡ, ಬಟ್ಟೆ ಹೂವು, ಶಹಾಬಾದಿ ಕಲ್ಲಿನ ಚೂರು, ಸಣ್ಣ ಪಂಪು ಅಷ್ಟೇ. ಬೋರಿನ ನೀರು. ಲೈಟು ದಿನಕ್ಕ 12 ತಾಸು, ಪಶ್ಚಿಮದ ಕಿಟಕಿಯಿಂದ ಬಿಸಿಲೂ ಬೀಳ್ತದ. ನೀರು ಬದಲಿಸಿದ ಎಂಟು ದಿನಕ್ಕ ಪಾಚಿ, ಮ್ಯಾಲಿನ ಅಂಚಿಗೆ ಬಿಳಿ ಪಟ್ಟಿ. ವಿನೆಗರ್ ಹಾಕಿದ್ರ ಕಲ್ಲು ನೊರೆ ಬಿಡ್ತು, ಮರುದಿನ ನೀರು ಹಾಲಿನಂಗ ಆಯ್ತು.

ಉತ್ತರ (ಬೀದರ್)
ವಿನೆಗರ್ ನೀರಿಗೆ ಹಾಕಬ್ಯಾಡ್ರಿ. ಶಹಾಬಾದಿ ಅಂದ್ರ ಸುಣ್ಣದ ಕಲ್ಲು, ಹುಳಿಗೆ ಕರಗ್ತದ, ನೀರು ಇನ್ನೂ ಗಡಸಾಗ್ತದ. ವಿನೆಗರ್ ತಿಂದು ಬ್ಯಾಕ್ಟೀರಿಯಾ ಬೆಳೆದದ್ದೇ ಆ ಹಾಲಿನ ಬಣ್ಣ.

ಮೊದಲು ಬೆಳಕು ಕಡಿಮಿ ಮಾಡ್ರಿ. ಟೈಮರ್ ಹಾಕಿ ಸಂಜಿ 4 ತಾಸು ಸಾಕು, ಕಿಟಕಿಗೆ ದಪ್ಪ ಪರದೆ ಬೇಕೇ ಬೇಕು. ಜೀವಂತ ಗಿಡ ಇಲ್ಲದ ತೊಟ್ಟಿಗೆ ಹೆಚ್ಚು ಬೆಳಕು ಕೊಟ್ಟರ ಅದರ ಲಾಭ ಪೂರ್ತಿ ಪಾಚಿಗೇ.

ಆಮೇಲೆ ಗಾಜು ಉಜ್ಜಿ, ಪೈಪಿನಿಂದ ತಳದ ಹೊಲಸಿನ ಜೋಡಿ ವಿನೆಗರ್ ಬಿದ್ದ ನೀರು ಪೂರ್ತಿ ತೆಗೀರಿ. ಫಿಲ್ಟರ್ ಸ್ಪಂಜು ತೊಳೀರಿ. ಅಲ್ಲಿ ಕೊಳೆತ ಪಾಚಿಯೇ ಹೊಸ ಪಾಚಿಗೆ ಗೊಬ್ಬರ. ತೊಟ್ಟಿ ತುಂಬಿಸಿ, ಲೈಟ್ ಆರಿದ ಮ್ಯಾಲೆ 4% ಸೋಡಿಯಂ ಹೈಪೋಕ್ಲೋರೈಟ್ ಇರೋ ಸಾದಾ ಬ್ಲೀಚ್ 6 ಮಿ.ಲೀ. ಹಾಕಿ ಪಂಪು ನಡೆಸ್ರಿ. 50 ಲೀಟರಿಗೆ ಅದು ಲೀಟರಿಗೆ ಸುಮಾರು 5 ಮಿ.ಗ್ರಾಂ. ಕ್ಲೋರಿನ್. ಆಮೇಲೆ ವಾರಕ್ಕೊಮ್ಮೆ 2–3 ಮಿ.ಲೀ. ಸಾಕು. ಉಜ್ಜದೇ ಹಾಕಿದ್ರ ಹೊಲಸೇ ಕ್ಲೋರಿನ್ ನುಂಗ್ತದ, ಪಾಚಿ ಉಳೀತದ.

ಬ್ಲೀಚ್ ಇದ್ದ ಕಡೆ ವಿನೆಗರ್, ಟಾಯ್ಲೆಟ್ ಆ್ಯಸಿಡ್ ಮುಟ್ಟಿಸಬ್ಯಾಡ್ರಿ, ವಿಷದ ಗ್ಯಾಸ್ ಏಳ್ತದ. ಮುಂದ ಮೀನು ಬಿಡೋ ವಿಚಾರ ಇದ್ರ ಈ ದಾರಿ ಹಿಡೀಲೇಬ್ಯಾಡ್ರಿ.

ಪ್ರಶ್ನೆ (ಕಲಬುರಗಿ)
ಹಂಗೇ ಮಾಡಿದೆ. ಹತ್ತು ದಿನ ಛಲೋ ಇತ್ತು, ಈಗ ಕಿಟಕಿ ಕಡೆ ಗಾಜಿಗಷ್ಟೇ ಹಸಿರು. ಬಟ್ಟೆ ಹೂವಿನ ಬಣ್ಣನೂ ಹೋಯ್ತು.

ಉತ್ತರ (ಬೀದರ್)
ಪರದೆ ಸಂದಿಯಿಂದ ಬಿಸಿಲು ಬರ್ತಿರಬೇಕು. ಬಿಸಿಲು ಪಾಚಿ ಬೆಳೆಸ್ತದ, ಕ್ಲೋರಿನ್ನೂ ಒಡೀತದ. ಆ ಬದಿಗೆ ಹೊರಗಿನಿಂದ ಕಪ್ಪು ಹಾಳಿ ಅಂಟಿಸ್ರಿ. ನಿಮ್ಮ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತಿ) 8 ಇದ್ರ ಕ್ಲೋರಿನ್ನಿನ ಕಾಲುಭಾಗವಷ್ಟೇ ಜೋರಾಗಿ ಕೆಲಸ ಮಾಡ್ತದ, ಅದಕ್ಕ ಡೋಸ್ ಏರಿಸೋದಕ್ಕಿಂತ ನೆರಳೇ ಮೇಲು. ಬಾಟಲಿಯ ತಾರೀಖೂ ನೋಡ್ರಿ, ನಮ್ಮ ಬ್ಯಾಸಗಿ ಸೆಕೆಗೆ ಹಳೆ ಬ್ಲೀಚ್ ಸಪ್ಪಗಾಗ್ತದ. ಬಟ್ಟೆ ಹೂವು ತೆಗೆದುಬಿಡ್ರಿ, ಪ್ಲಾಸ್ಟಿಕ್ಕೇ ಇರಲಿ.

ಉತ್ತರ (ಯಾದಗಿರಿ)
ಬಿಳಿ ಪಟ್ಟಿ ಬಗ್ಗೆ ಯಾರೂ ಹೇಳಲಿಲ್ಲ. ನೀರು ಆರಿ ಸುಣ್ಣ ಉಳಿದದ್ದು ಅದು. ಇಂಗಿದಷ್ಟು ತುಂಬಿಸಲಿಕ್ಕೆ ಬೋರಿನ ನೀರು ಬಿಟ್ಟು ಸುಣ್ಣ ಸೋಸಿದ ಆರ್‌ಓ ನೀರು ಹಾಕ್ರಿ. ಹಳೆ ಪಟ್ಟಿಗೆ, ತೊಟ್ಟಿ ಪೂರ್ತಿ ಖಾಲಿ ಮಾಡಿ, ಕಲ್ಲು ತೆಗೆದು, ಬ್ಲೀಚ್ ಹೋಗೋ ತನಕ ತೊಳೆದ ಮ್ಯಾಲೆ ವಿನೆಗರ್ ಬಟ್ಟೆ 15 ನಿಮಿಷ ಅಂಟಿಸ್ರಿ.

ಮೀನಿಲ್ಲ ಅಂದ್ರ ಸೊಳ್ಳಿ ಮರಿ ತಿನ್ನೋರಿಲ್ಲ. ಡೆಂಗಿ ಸೊಳ್ಳಿ ನೀರಿನ ಅಂಚಿಗೆ, ಗಾಜಿಗೇ ತತ್ತಿ ಹಚ್ಚತದ. ಒಣಗಿದ್ರೂ ತಿಂಗಳುಗಟ್ಟಲೆ ಬದುಕ್ತಾವ. ವಾರಕ್ಕೊಮ್ಮೆ ಆ ಅಂಚು ಗಟ್ಟಿ ಉಜ್ಜಿ ಒರೆಸ್ರಿ, ಪಂಪಿನ ಬಾಯಿ ಮ್ಯಾಲಕ್ಕ ಮಾಡಿ ನೀರು ಅಲುಗಾಡೋ ಹಂಗ ಇಡ್ರಿ, ಮ್ಯಾಲೆ ಸಣ್ಣ ಕಣ್ಣಿನ ಜಾಳಿಗಿ ಮುಚ್ಚಿರಿ.