ಸಹಾಯ ಬೇಕು: ಆಸ್ತಾ ಕಣಿವೆಯ ಕೋಟೆಗಳು, ಕಾರಿಲ್ಲದೆ

ಇಟಲಿಯ ಆಸ್ತಾ ಕಣಿವೆಯಲ್ಲಿ ವೆರೆಸ್, ಇಸ್ಸೋನ್ಯೆ, ಬಾರ್ಡ್ ಮೂರನ್ನೂ ಒಂದೇ ದಿನ ನೋಡುವ ಯೋಚನೆ. ಇವ್ರೆಯಾ–ಆಸ್ತಾ ರೈಲು ಮಾರ್ಗವನ್ನು ವಿದ್ಯುದೀಕರಣಕ್ಕೆಂದು 2024ರ ಜನವರಿಯಲ್ಲಿ ಮುಚ್ಚಿದರಲ್ಲ, ಬದಲಿ ಬಸ್ಸು ವೆರೆಸ್‌ನಲ್ಲಿ ಎಲ್ಲಿ ನಿಲ್ಲುತ್ತದೆ?

ವೆರೆಸ್ ಕೋಟೆ ಬಂಡೆಯ ನೆತ್ತಿಯಲ್ಲಿದೆ, ಏರು ಕಡಿದು. ಹಾಗಾಗಿ ಬಿಸಿಲೇರುವ ಮುಂಚೆ ಅದು. ಆಮೇಲೆ ದೋರಾ ಬಾಲ್ತೆಯಾ ನದಿ ದಾಟಿ ಇಸ್ಸೋನ್ಯೆಗೆ ನಡಿಗೆ. ಅಲ್ಲಿ ಅಂಗಳದಲ್ಲಿ ದಾಳಿಂಬೆ ಮರದ ಆಕಾರದ ಕಾರಂಜಿ, ಮೊಗಸಾಲೆ ಗೋಡೆಯ ಮೇಲೆ ದರ್ಜಿ, ಕಟುಕ, ಔಷಧದಂಗಡಿಯವರ ಚಿತ್ರಗಳು. ಅವಸರ ಮಾಡಿದರೆ ಹೋಗಿದ್ದೇ ದಂಡ. ಒಳಗೆ ಗೈಡ್ ತಂಡದ ಜೊತೆಗೇ ಬಿಡುತ್ತಾರೆಯೇ? ಹಾಗಿದ್ದರೆ ಒಂದು ತಂಡ ತಪ್ಪಿದರೂ ಬಾರ್ಡ್ ಬಸ್ಸು ಕೈತಪ್ಪುತ್ತದೆ.

ಬಾರ್ಡ್ ಈಗಿರುವುದು ಮಧ್ಯಯುಗದ್ದಲ್ಲ: 1800ರಲ್ಲಿ ನೆಪೋಲಿಯನ್ ಕೆಡವಿಸಿದ ಮೇಲೆ 1830ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಅದನ್ನು ಬಿಟ್ಟು ಮಧ್ಯಯುಗದ ಫೆನಿಸ್ ಕೋಟೆಗೆ ಹೋಗುವುದೇ ವಾಸಿಯೇ? ಸಂಜೆ ಅಲ್ಲಿಂದ ಆಸ್ತಾಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ.